ಹೈ ವೋಲ್ಟೇಜ್ ಬಂದಾಗ ಇನ್ವರ್ಟರ್ ಕಾಪಾಡುತ್ತಾ?

ಪ್ರಶ್ನೆ: ಸರ್, ನಮ್ಮದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿ. ಮನೆಯಿಂದ ನಲವತ್ತು ಅಡಿ ದೂರದಲ್ಲೇ ಟಿಸಿ (ಟ್ರಾನ್ಸ್‌ಫಾರ್ಮರು) ಇದೆ. ಸಂಜೆ ಏಳರ ಹೊತ್ತಿಗೆ 225, 230 ಇರುವ ವೋಲ್ಟೇಜು ರಾತ್ರಿ ಹನ್ನೊಂದಾದರೆ 262ಕ್ಕೆ ಏರುತ್ತೆ. ಎರಡು ಗಂಟೆ ರಾತ್ರಿಯಲ್ಲಿ 270 ನೋಡಿದ್ದೇನೆ. ಈ ಬೇಸಿಗೆಯಲ್ಲಿ ನಾಲ್ಕು ಎಲ್‌ಇಡಿ ಬಲ್ಬು, ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರು, ನೀರಿನ ಫಿಲ್ಟರಿನ ಅಡಾಪ್ಟರು ಹೋದವು. ಮನೆಯಲ್ಲಿ 900 ವಿಎ ಸೈನ್ ವೇವ್ ಇನ್ವರ್ಟರು, 150 ಎಎಚ್ ಟ್ಯೂಬುಲರ್ ಬ್ಯಾಟರಿ ಇದೆ. "ಫ್ರಿಜ್ಜು, ಟಿವಿ ಎಲ್ಲಾ ಇನ್ವರ್ಟರ್ ಲೈನಿಗೆ ಹಾಕ್ಬಿಡಿ, 230 ದಾಟೋದೇ ಇಲ್ಲ" ಅಂತಾರೆ ನಮ್ಮೂರ ವೈರಿಂಗ್ ಮಾಡುವವರು. ಹಾಗೆ ಮಾಡಬಹುದಾ? ಇಲ್ಲಾ, ಮಲಗುವಾಗ ಇನ್ವರ್ಟರಿನ ಮೇನ್ ಆಫ್ ಮಾಡಿ ಬ್ಯಾಟರಿ ಮೇಲೆ ಬಿಟ್ಟರೆ ಸಾಕಾ?

ಉತ್ತರ: ನಿಮ್ಮೂರಿನವರು ಹೇಳಿದ್ದು ಅರ್ಧ ಸರಿ. ಆದರೆ ತಪ್ಪಿರುವ ಅರ್ಧ ಇದೆಯಲ್ಲ, ಸಾಮಾನು ಸುಡುವುದು ಅದರಿಂದಲೇ.

ಮೊದಲು ಒಂದು ವಿಷಯ ತಲೆಯಿಂದ ತೆಗೆದುಬಿಡೋಣ. ಕರೆಂಟು ಇರುವಾಗ ನಿಮ್ಮ ಇನ್ವರ್ಟರು ವೋಲ್ಟೇಜನ್ನು ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ. ಒಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಒಂದು ರಿಲೇ ಇರುತ್ತೆ. ಕರೆಂಟು ಇದ್ದಾಗ ಅದು ಬಂದ ತಂತಿಯನ್ನು ಹೋಗುವ ತಂತಿಗೆ ಸುಮ್ನೆ ಸೇರಿಸುತ್ತೆ, ಅಷ್ಟೇ. ಕರೆಂಟು ಹೋದಾಗ ಟಕ್ ಅಂತ ಶಬ್ದ ಬರುತ್ತಲ್ಲ, ಆಗ ಅದು ಆ ಕಡೆಯಿಂದ ಬಿಟ್ಟು ಬ್ಯಾಟರಿ ಕಡೆಗೆ ತಿರುಗಿದೆ ಎಂದರ್ಥ. ಬ್ಯಾಟರಿ ಕಡೆಗೆ ತಿರುಗಿದ ಮೇಲೆ ಮಾತ್ರ ಹೊರಗೆ ಬರುವ ಸುಮಾರು 220 ವೋಲ್ಟು ಇನ್ವರ್ಟರು ತಾನೇ ತಯಾರಿಸಿದ್ದು. ಅಲ್ಲಿಯವರೆಗೆ ಒಳಗೆ 258 ಬಂದರೆ ಹೊರಗೂ 258.

ನಂಬಿಕೆ ಬರದಿದ್ದರೆ ಇವತ್ತು ರಾತ್ರಿ ನೋಡಿ. ಸೆಟ್ಟಿನ ಹಿಂದೆ ಒಂದು ಸ್ವಿಚ್ ಇರುತ್ತೆ, ಅದು ಸದ್ಯಕ್ಕೆ ನಾರ್ಮಲ್ ಕಡೆಗಿರಲಿ. ಮಲ್ಟಿಮೀಟರನ್ನು ಎಸಿ 750 ರೇಂಜಿಗೆ ಇಟ್ಟು ಮೊದಲು ಇನ್ವರ್ಟರಿಗೆ ಕರೆಂಟು ಕೊಡುವ ಸಾಕೆಟ್ಟಿನಲ್ಲಿ ಅಳೆಯಿರಿ, ಆಮೇಲೆ ಇನ್ವರ್ಟರ್ ಲೈನಿನ ಯಾವುದಾದರೂ ಪ್ಲಗ್ ಪಾಯಿಂಟಿನಲ್ಲಿ. ಎರಡೂ ಕಡೆ ಒಂದೇ ಸಂಖ್ಯೆ ಬರುತ್ತೆ, ಹೆಚ್ಚೆಂದರೆ ಒಂದು ವೋಲ್ಟು ಆಚೀಚೆ.

ಈ ತಪ್ಪು ತಿಳಿವಳಿಕೆಗೆ ಹೆಸರೂ ಒಂದು ಕಾರಣ ಅನಿಸುತ್ತೆ ನನಗೆ. ನಮ್ಮಲ್ಲಿ ಮನೆ ಇನ್ವರ್ಟರಿಗೆ ಬಹಳ ಜನ ಯುಪಿಎಸ್ ಅಂತಲೇ ಕರೆಯುತ್ತಾರೆ. ಆಸ್ಪತ್ರೆ, ಬ್ಯಾಂಕುಗಳಲ್ಲಿ ಇಡುವ ಆನ್‌ಲೈನ್ ಯುಪಿಎಸ್ ಬೇರೆ ಜಾತಿ. ಅದು ಬಂದ ಕರೆಂಟನ್ನು ಸದಾ ಡಿಸಿ ಮಾಡಿ, ಆ ಡಿಸಿಯಿಂದ ಮತ್ತೆ ಹೊಸದಾಗಿ 230 ವೋಲ್ಟಿನ ಎಸಿ ಮಾಡಿ ಕೊಡುತ್ತೆ. ಹಾಗಾಗಿ ಒಳಗೆ 190 ಬರಲಿ, 265 ಬರಲಿ, ಹೊರಗೆ 230. ಅದರ ಗುಣವನ್ನು ಇದರ ತಲೆಗೆ ಕಟ್ಟಿಬಿಟ್ಟಿದ್ದೇವೆ.

ಹಾಗಾದರೆ ಅರ್ಧ ಸರಿ ಅಂದೆನಲ್ಲ, ಅದು ಯಾವುದು? ಈಗ ಹೇಳಿದೆನಲ್ಲ, ಆ ಹಿಂದಿನ ಸ್ವಿಚ್ ನೋಡಿ. ಒಂದು ಕಡೆ ಯುಪಿಎಸ್, ಇನ್ನೊಂದು ಕಡೆ ನಾರ್ಮಲ್ ಅಥವಾ ಇಕೋ ಅಂತ ಬರೆದಿರುತ್ತೆ. ಕೆಲವು ಸೆಟ್ಟಿನಲ್ಲಿ ಇದು ಮುಂದಿನ ಬಟನ್ನಿನಲ್ಲೇ ಬರುತ್ತೆ. ಎಷ್ಟೋ ಮನೆಗಳಲ್ಲಿ ಸೆಟ್ಟು ಗೋಡೆಗೆ ಒರಗಿಕೊಂಡಿರುವುದರಿಂದ ಹಾಕಿಸಿದ ದಿನದಿಂದ ಆ ಸ್ವಿಚ್ಚನ್ನು ಯಾರೂ ನೋಡಿಯೇ ಇರುವುದಿಲ್ಲ. ಇನ್ವರ್ಟರು ಎಷ್ಟು ವೋಲ್ಟಿನವರೆಗೆ ಹೊರಗಿನ ಕರೆಂಟನ್ನು ಒಳಗೆ ಬಿಟ್ಟುಕೊಳ್ಳಬೇಕು ಅಂತ ತೀರ್ಮಾನ ಮಾಡುವುದು ಅದೇ. ನಾರ್ಮಲ್‌ನಲ್ಲಿದ್ದರೆ ಸಾಮಾನ್ಯವಾಗಿ 100ರಿಂದ 290ರ ಆಸುಪಾಸಿನವರೆಗೆ ಬಿಡುತ್ತೆ. ಯುಪಿಎಸ್ ಕಡೆಗಿದ್ದರೆ 180ರಿಂದ 260ರ ಸುಮಾರು. ಸರಿಯಾದ ಸಂಖ್ಯೆ ನಿಮ್ಮ ಸೆಟ್ಟಿನ ಜೊತೆ ಬಂದ ಪುಸ್ತಕದಲ್ಲಿರುತ್ತೆ, ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸ ಇದೆ.

ಅಂದರೆ ಸ್ವಿಚ್ ನಾರ್ಮಲ್ ಕಡೆಗಿದ್ದರೆ ನಿಮ್ಮ 270 ವೋಲ್ಟು ಯಾವ ತಡೆಯೂ ಇಲ್ಲದೆ ಫ್ರಿಜ್ಜಿಗೆ ಹೋಗುತ್ತೆ. ಯುಪಿಎಸ್ ಕಡೆಗೆ ಹಾಕಿದರೆ 260 ದಾಟಿದಾಗ ಬಾಗಿಲು ಮುಚ್ಚಿಕೊಂಡು ಬ್ಯಾಟರಿಗೆ ಹೋಗುತ್ತೆ. ಆಗ ಫ್ರಿಜ್ಜಿಗೆ 220 ಸಿಗುವುದು ನಿಜ. ನಿಮ್ಮವರು ಹೇಳಿದ್ದರಲ್ಲಿ ಸರಿಯಾದ ಅರ್ಧ ಇದು. ಅವರು ಹೇಳದೆ ಬಿಟ್ಟದ್ದು ಬ್ಯಾಟರಿಯ ಪಾಡು.

ಲೆಕ್ಕ ಹಾಕೋಣ. 12 ವೋಲ್ಟು, 150 ಎಎಚ್ ಅಂದರೆ ಕಾಗದದ ಮೇಲೆ 1800 ವ್ಯಾಟ್ ಅವರ್. ಆದರೆ 150 ಅನ್ನುವುದು ಇಪ್ಪತ್ತು ಗಂಟೆ ನಿಧಾನವಾಗಿ ಖಾಲಿ ಮಾಡಿದರೆ ಸಿಗುವ ಲೆಕ್ಕ. ಬೇಗ ಎಳೆದರೆ ಅಷ್ಟು ಸಿಗುವುದಿಲ್ಲ. ಜೊತೆಗೆ ಡಿಸಿಯಿಂದ ಎಸಿ ಮಾಡುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತೆ. ಬ್ಯಾಟರಿಯನ್ನು ತೀರಾ ತಳ ಕಾಣಿಸಲೂಬಾರದು. ಕೈಗೆ ಸಿಗುವುದು ಸಾವಿರ, ಸಾವಿರದ ನೂರು ಅಂದುಕೊಳ್ಳಿ. ರಾತ್ರಿ ಎರಡು ಫ್ಯಾನು, ಫ್ರಿಜ್ಜು, ಒಂದು ಸಣ್ಣ ಲೈಟು, ಮೊಡೆಮ್ಮು ಸೇರಿ ಸರಾಸರಿ 250 ವ್ಯಾಟ್ ಆಯಿತು. ನಾಲ್ಕು ತಾಸಿನಲ್ಲಿ ಮುಗಿಯಿತು. ಹನ್ನೊಂದಕ್ಕೆ ಬ್ಯಾಟರಿಗೆ ಹೋದದ್ದು ಮೂರು ಗಂಟೆಗೆ ಕುಯ್ಯೋ ಅಂತ ಕೂಗಲು ಶುರು ಮಾಡುತ್ತೆ. ಆಮೇಲೆ ಎಲ್ಲಾ ಬಂದ್. ಹೊರಗೆ ಕಂಬದಲ್ಲಿ ಬೀದಿದೀಪ ಝಗಝಗ ಉರಿಯುತ್ತಿರುತ್ತೆ, ನಿಮ್ಮ ಮನೆಯಲ್ಲಿ ಫ್ಯಾನಿಲ್ಲ.

ಇದರ ಮೇಲೆ ಇನ್ನೊಂದು ಪೇಚು. ಬಹಳ ಸೆಟ್ಟುಗಳಲ್ಲಿ ವೋಲ್ಟೇಜು ಮಿತಿಯ ಹೊರಗಿದ್ದಾಗ ಚಾರ್ಜಿಂಗೂ ನಿಂತುಹೋಗುತ್ತೆ. ಇನ್ವರ್ಟರಿನ ಪಾಲಿಗೆ ಆಗ ಕರೆಂಟೇ ಇಲ್ಲ. ಬೆಳಗ್ಗೆ ಆರಕ್ಕೆ ವೋಲ್ಟೇಜು ಇಳಿದ ಮೇಲೆ ಚಾರ್ಜ್ ಶುರುವಾದರೆ ತುಂಬಲು ಹತ್ತು ಹನ್ನೆರಡು ಗಂಟೆ ಬೇಕು. ನಡುವೆ ಹಗಲಿನಲ್ಲಿ ಎರಡು ಗಂಟೆ ಕರೆಂಟು ತೆಗೆದರೆ? ನಿಜವಾಗಿ ಬೇಕಾದಾಗ ಬ್ಯಾಟರಿ ಖಾಲಿ. ಅರ್ಧಂಬರ್ಧ ಚಾರ್ಜಾದ ಬ್ಯಾಟರಿಯನ್ನು ಮತ್ತೆ ರಾತ್ರಿ ತಳಕ್ಕೆ ಇಳಿಸುತ್ತೀರಿ. ಲೆಡ್ ಆಸಿಡ್ ಬ್ಯಾಟರಿಗೆ ಇದಕ್ಕಿಂತ ಕೆಟ್ಟ ಬಾಳು ಇನ್ನೊಂದಿಲ್ಲ. ವಾರಕ್ಕೆ ಎರಡು ಮೂರು ಸಲ ಒಂದಿಷ್ಟು ಕೆಲಸ ಮಾಡಿಕೊಂಡು ಐದಾರು ವರ್ಷ ಬಾಳಬೇಕಾದದ್ದು ಎರಡು ಮೂರು ವರ್ಷಕ್ಕೆ ಕೈಕೊಡುತ್ತೆ. 40 ರೂಪಾಯಿಯ ಬಲ್ಬು ಉಳಿಸಲು ಹದಿನೈದು ಸಾವಿರದ ಬ್ಯಾಟರಿ ಸವೆಸಿದ ಹಾಗೆ.

ವೋಲ್ಟೇಜು ಸರಿಯಾಗಿ ಗಡಿಯ ಮೇಲೇ ಕುಣಿಯುವ ಮನೆಗಳದ್ದು ಇನ್ನೂ ಕಷ್ಟ. 258, 262, 257, 263. ರಿಲೇ ರಾತ್ರಿಯಿಡೀ ಟಕ್ ಟಕ್ ಅನ್ನುತ್ತಿರುತ್ತೆ. ಆ ಕಡೆ ಈ ಕಡೆ ಹಾರುವಾಗಲೆಲ್ಲ ಸೆಕೆಂಡಿನ ನೂರನೇ ಒಂದೆರಡು ಭಾಗದಷ್ಟು ಹೊತ್ತು ಕರೆಂಟು ತಪ್ಪುತ್ತೆ. ಟಿವಿಗೆ ಗೊತ್ತೇ ಆಗುವುದಿಲ್ಲ. ಓಡುತ್ತಿರುವ ಕಂಪ್ರೆಸರಿಗೆ ಗೊತ್ತಾಗುತ್ತೆ.

ಇನ್ನು ಮುಖ್ಯ ವಿಷಯ. ಹೈ ವೋಲ್ಟೇಜು ಅಂತ ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬೇರೆ ಬೇರೆ ಕಾಯಿಲೆ ಇವೆ. ನಿಮ್ಮದು ಯಾವುದು ಅಂತ ಗೊತ್ತಾಗದೆ ಔಷಧಿ ಕೊಳ್ಳಬೇಡಿ.

ಮೊದಲನೆಯದು ಟಿಸಿ ಬುಡದ ಕಾಯಿಲೆ. ನಮ್ಮ ಕಂಬದ ಮೇಲಿನ ಟ್ರಾನ್ಸ್‌ಫಾರ್ಮರಿನ ಪ್ಲೇಟಿನಲ್ಲಿ 11000/433 ಅಂತ ಕೆತ್ತಿರುತ್ತೆ. 433 ಅನ್ನುವುದು ಎರಡು ಫೇಸಿನ (ಕರೆಂಟು ತರುವ ತಂತಿಗಳ) ನಡುವೆ. ಒಂದು ಫೇಸಿಗೂ ನ್ಯೂಟ್ರಲ್‌ಗೂ (ಕರೆಂಟು ವಾಪಸ್ ಹೋಗುವ ತಂತಿಗೂ) ನಡುವೆ ಅದು 250 ಆಗುತ್ತೆ. ಅಂದರೆ ಲೋಡ್ ಇಲ್ಲದಾಗ ಟಿಸಿ ಬಾಯಲ್ಲಿ 250 ಇರುವುದೇ ಸಹಜ. ತಂತಿಯಲ್ಲಿ ಹರಿದು ಹೋಗುತ್ತಾ ಕಡಿಮೆಯಾಗಿ ಊರಿನ ಕೊನೆ ಮನೆಗೆ 220, 210 ಮುಟ್ಟಲಿ ಅಂತ ಹಾಗೆ ಮಾಡಿರುವುದು. ನೀವು ನಲವತ್ತು ಅಡಿಯಲ್ಲಿದ್ದೀರಿ, ನಿಮ್ಮ ಹತ್ತಿರ ಇಳಿಯಲು ದಾರಿಯೇ ಇಲ್ಲ. ಊರೆಲ್ಲ ಮಲಗಿದ ಮೇಲೆ 11 ಕೆವಿ, ಅಂದರೆ 11000 ವೋಲ್ಟಿನ ಲೈನೇ ಹನ್ನೊಂದೂವರೆ ಕೆವಿಗೆ ಏರಿದರೆ ನಿಮ್ಮ 250 ತಾನಾಗಿ 261 ಆಯಿತು. ಕೊನೆ ಮನೆಯವರು ಯಾವಾಗಲೋ ಲೋ ವೋಲ್ಟೇಜ್ ಅಂತ ದೂರು ಕೊಟ್ಟು, ಟಿಸಿಯ ಟ್ಯಾಪ್ (ಹೊರಗೆ ಬರುವ ವೋಲ್ಟೇಜನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸಿ ಇಳಿಸುವ ಭಾಗ) ಒಂದು ಮೆಟ್ಟಿಲು ಏರಿಸಿದ್ದರೆ ಇನ್ನೂ ಆರೇಳು ವೋಲ್ಟು. ನೀವು ಬರೆದ 270ರ ಹತ್ತಿರ ಬಂತಲ್ಲವೇ?

ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ ಲೈನು ಬೇರೆ, ಊರಿನ ಮನೆಗಳ ಲೈನು ಬೇರೆ ಮಾಡಿದ ಕಡೆಗಳಲ್ಲಿ ಇದು ಜಾಸ್ತಿ ಎದ್ದು ಕಾಣುತ್ತೆ. ಮೊದಲು ರಾತ್ರಿ ತೋಟದ ಮೋಟಾರುಗಳು ಓಡಿ ವೋಲ್ಟೇಜನ್ನು ಎಳೆದು ಕೆಳಗಿಡುತ್ತಿದ್ದವು. ಈಗ ಊರಿನ ಲೈನಿನಲ್ಲಿ ರಾತ್ರಿ ನಾಲ್ಕು ಫ್ಯಾನು, ಎರಡು ಬೀದಿದೀಪ. ಯೋಜನೆ ಒಳ್ಳೆಯದೇ, ನಾನು ಬೇಡ ಅನ್ನುತ್ತಿಲ್ಲ.

ಎರಡನೆಯದು ನ್ಯೂಟ್ರಲ್ ಕಾಯಿಲೆ. ಇದು ಮಾರಿ. ಕಂಬದಲ್ಲೋ ಟಿಸಿ ಹತ್ತಿರವೋ ನ್ಯೂಟ್ರಲ್ ತಂತಿಯ ಜಂಪರು (ಜೋಡಿಸುವ ತುಂಡು ತಂತಿ) ಸಡಿಲವಾದರೆ ಅಥವಾ ಕಿತ್ತುಹೋದರೆ ಮೂರು ಫೇಸಿನ ಮನೆಗಳೂ ಒಂದರ ತಲೆ ಮೇಲೆ ಒಂದು ಕೂರುತ್ತವೆ. ಯಾವ ಫೇಸಿನಲ್ಲಿ ಲೋಡ್ ಹೆಚ್ಚಿದೆಯೋ ಅಲ್ಲಿ ವೋಲ್ಟೇಜು ಬೀಳುತ್ತೆ, ಕಡಿಮೆ ಇರುವ ಕಡೆ ಏರುತ್ತೆ. ಎಷ್ಟರವರೆಗೆ? ಎರಡು ಫೇಸಿನ ನಡುವಿನ ಪೂರ್ತಿ 400ರ ಹತ್ತಿರದವರೆಗೆ.

ನಮ್ಮ ಅಕ್ಕನ ಮನೆಯಲ್ಲಿ ಆದದ್ದು ಇದೇ. ಭಾನುವಾರ ಬೆಳಗ್ಗೆ, ದೋಸೆ ಹೊತ್ತು. ಪಕ್ಕದ ಮನೆಯಲ್ಲಿ ಗೀಸರ್ ಹಾಕಿದ್ದಾರೆ. ಇವರ ಮನೆಯಲ್ಲಿ ಫ್ಯಾನು ಇದ್ದಕ್ಕಿದ್ದಂತೆ ಹೆಲಿಕಾಪ್ಟರಿನ ಹಾಗೆ ತಿರುಗಿತು, ಟ್ಯೂಬ್‌ಲೈಟು ಕಣ್ಣು ಕುಕ್ಕುವಷ್ಟು ಬೆಳಗಿತು. ಇನ್ವರ್ಟರು ಟಕ್ ಅಂದಿತು, ಅದರ ಹಿಂದೆಯೇ ಪಟ್ ಅಂತ ಒಂದು ಸದ್ದು, ಮೀನು ಸುಟ್ಟಂಥ ವಾಸನೆ. ನಾನು ಹೋಗಿ ಮೀಟರ್ ಬೋರ್ಡಿನಲ್ಲಿ ಅಳೆದಾಗ 340 ತೋರಿಸಿತು. ಕಂಬ ಹತ್ತಿದವರು ನ್ಯೂಟ್ರಲ್ ಜಂಪರನ್ನು ಕೆಳಗೆ ಹಾಕಿದರು. ಅಲ್ಯೂಮಿನಿಯಂ ತಂತಿಯ ತುದಿ ಕರಗಿ ಬೂದಿ ಬಣ್ಣದ ಗುಂಡಾಗಿತ್ತು.

ಮನೆಗೆ ತಂದು ಇನ್ವರ್ಟರಿನ ಮುಚ್ಚಳ ಬಿಚ್ಚಿದೆ. ಕರೆಂಟು ಒಳಗೆ ಬರುವ ಜಾಗದಲ್ಲೇ ನೀಲಿ ಬಿಲ್ಲೆಯಂಥ ಒಂದು ಭಾಗ ಇರುತ್ತೆ, ವೇರಿಸ್ಟರ್ ಅಂತಾರೆ. ಅದು ಎರಡು ಹೋಳಾಗಿತ್ತು. ಸುತ್ತ ಬೋರ್ಡೆಲ್ಲ ಮಸಿ. ವೋಲ್ಟೇಜು ನೋಡಲು ಇಟ್ಟಿದ್ದ ಸಣ್ಣ ಟ್ರಾನ್ಸ್‌ಫಾರ್ಮರು ಕರಕಲು. ಇನ್ವರ್ಟರ್ ಲೈನಿನಲ್ಲಿದ್ದ ಟಿವಿಗೆ ಏನೂ ಆಗಿರಲಿಲ್ಲ, ರಿಲೇ ಸರಿಯಾದ ಹೊತ್ತಿಗೆ ಹಾರಿತ್ತು. ನೇರ ಲೈನಿನಲ್ಲಿದ್ದ ಫ್ರಿಜ್ಜಿನ ಬೋರ್ಡು ಹೋಯಿತು. ಟಿವಿಯನ್ನು ಕಾಯಲು ನಿಂತ ಇನ್ವರ್ಟರು ತಾನೇ ಬಲಿಯಾಯಿತು. ಅದರ ರಿಲೇ ಮುಂದಿನ ಸಾಮಾನುಗಳನ್ನು ಕತ್ತರಿಸಿ ಬಿಡಬಹುದು, ಆದರೆ ಅದರ ಮೂಗು ಯಾವಾಗಲೂ ಹೊರಗಿನ ತಂತಿಗೇ ತಾಗಿಕೊಂಡಿರುತ್ತೆ. ಈ ಮಾತನ್ನು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಎರಡು ಕಾಯಿಲೆಗಳ ನಡುವೆ ವ್ಯತ್ಯಾಸ ಹಿಡಿಯುವುದು ಸುಲಭ. ವೋಲ್ಟೇಜು ನಿಧಾನವಾಗಿ ಏರಿ, ರಾತ್ರಿಯಿಡೀ ಒಂದೇ ಮಟ್ಟದಲ್ಲಿ ನಿಂತು, ಬೆಳಗ್ಗೆ ನಿಧಾನವಾಗಿ ಇಳಿದರೆ ಅದು ಟಿಸಿಯದ್ದು. ಇದ್ದಕ್ಕಿದ್ದಂತೆ 230ರಿಂದ 280, ಮತ್ತೆ 200, ಮತ್ತೆ 260 ಅಂತ ಜಿಗಿಯುತ್ತಿದ್ದರೆ, ಬೇರೆಯವರ ಮನೆಯಲ್ಲಿ ದೊಡ್ಡ ಲೋಡ್ ಹಾಕಿದಾಗ ನಿಮ್ಮ ಲೈಟು ಹೆಚ್ಚು ಬೆಳಗಿದರೆ, ನ್ಯೂಟ್ರಲ್ ಮೇಲೆ ಅನುಮಾನ ಪಡಿ. ಆಗ ಮೇನ್ ಆಫ್ ಮಾಡಿ ಮೊದಲು ಕರೆಂಟ್ ಕಂಪನಿಯ ದೂರಿನ ನಂಬರು 1912ಕ್ಕೆ ಫೋನ್ ಮಾಡಿ. ಯಾವ ಸ್ಟೆಬಿಲೈಜರೂ ಅದಕ್ಕೆ ಮದ್ದಲ್ಲ.

ಇದೇ ಜಾಗದಲ್ಲಿ ಒಂದು ಬೈಗುಳ ಇದೆ, ಬೇಜಾರು ಮಾಡಿಕೊಳ್ಳಬೇಡಿ. ನ್ಯೂಟ್ರಲ್ ಸರಿಯಿಲ್ಲ ಅಂತ ಮನೆಯ ಅರ್ಥಿಂಗ್ ಪೈಪಿನಿಂದ ತಂತಿ ಎಳೆದು ನ್ಯೂಟ್ರಲ್‌ಗೆ ಸೇರಿಸುವ ಅಭ್ಯಾಸ ಹಳ್ಳಿಗಳಲ್ಲಿ ಇದೆ. ದಯವಿಟ್ಟು ಅದನ್ನು ಯಾರೂ ಮಾಡಬೇಡಿ, ಮಾಡಲು ಬಿಡಬೇಡಿ. ಬೇಸಿಗೆಯಲ್ಲಿ ಅರ್ಥ್ ಗುಂಡಿ ಒಣಗಿದ ದಿನ ಫ್ರಿಜ್ಜಿನ ಬಾಗಿಲು, ಗ್ರೈಂಡರಿನ ಮೈ, ಬಚ್ಚಲಿನ ನಲ್ಲಿ ಎಲ್ಲದಕ್ಕೂ ಕರೆಂಟು ಬರುತ್ತೆ.

ನೀವು ಬರೆದ ಸಂಖ್ಯೆಗಳು ನೋಡಿದರೆ ನಿಮ್ಮದು ಟಿಸಿ ಬುಡದ ಕಾಯಿಲೆ. ನಿಧಾನಕ್ಕೆ ಏರುವುದು, ಪ್ರತಿ ರಾತ್ರಿ ಬರುವುದು. ನ್ಯೂಟ್ರಲ್ ಇರಲಿಕ್ಕಿಲ್ಲ, ಆದರೂ ಒಂದು ಸಲ ಲೈನ್‌ಮ್ಯಾನ್ ಕಡೆಯಿಂದ ಜಂಪರು ಬಿಗಿ ಮಾಡಿಸಿ.

270 ಏನು ಮಾಡುತ್ತೆ ಅಂತಲೂ ತಿಳಿದಿರಲಿ. ನಿಮ್ಮ ಸತ್ತ ಅಡಾಪ್ಟರನ್ನು ಪ್ಲಗ್‌ನಿಂದ ತೆಗೆದು, ಸ್ವಲ್ಪ ಹೊತ್ತು ಬಿಟ್ಟು ಒಡೆದು ನೋಡಿ. ಹೆಬ್ಬೆರಳಿನ ತುದಿಯಷ್ಟು ದಪ್ಪದ ಒಂದು ಕಪ್ಪು ಡಬ್ಬಿ ಕಾಣುತ್ತೆ, ಅದರ ಮೇಲೆ 400 ವಿ ಅಂತ ಬರೆದಿರುತ್ತೆ. ಕೆಪಾಸಿಟರ್ ಅದು. ನಾವು 230 ಅನ್ನುವುದು ಸರಾಸರಿಯ ಲೆಕ್ಕ, ಅಲೆಯ ತುದಿ 325ಕ್ಕೆ ಹೋಗಿ ಬರುತ್ತೆ. ಆ ಡಬ್ಬಿ ತುಂಬಿಕೊಳ್ಳುವುದು ಅಲೆಯ ತುದಿಯವರೆಗೆ. 270 ಬಂದರೆ ತುದಿ 382. 283 ಬಂದರೆ 400 ಮುಟ್ಟಿತು. 382 ಅಂದರೆ ದಿನಾ ರಾತ್ರಿ ಅಂಚಿನಲ್ಲಿ ನಿಲ್ಲಿಸಿದ ಹಾಗೆ, ಮೇಲಿಂದ ಒಂದು ಸಣ್ಣ ಜಿಗಿತ ಬಂದರೂ ತಲೆ ಉಬ್ಬಿ ಒಡೆಯುತ್ತೆ. ಗೀಸರು, ಇಸ್ತ್ರಿಪೆಟ್ಟಿಗೆ ಥರದ್ದಕ್ಕೆ 270 ಅಂದರೆ ಶೇ. 38ರಷ್ಟು ಹೆಚ್ಚು ಶಾಖ. ಫ್ಯಾನು, ಫ್ರಿಜ್ಜಿನ ಮೋಟಾರು ಗುಂಯ್‌ಗುಟ್ಟುತ್ತಾ ಬಿಸಿಯಾಗುತ್ತವೆ. ಇವೆಲ್ಲ ಒಂದೇ ದಿನಕ್ಕೆ ಸಾಯುವುದಿಲ್ಲ, ಅದಕ್ಕೇ ನಮಗೆ ಕಾರಣ ಗೊತ್ತಾಗುವುದಿಲ್ಲ.

ಈಗ ಏನು ಮಾಡಬೇಕು ಅಂತ ಬರೋಣ. ಮೊದಲ ಕೆಲಸ ಪುಕ್ಕಟೆಯದ್ದು. ಒಂದು ವಾರ ದಿನಕ್ಕೆ ಮೂರು ಸಲ, ಬೆಳಗ್ಗೆ ಆರು, ಸಂಜೆ ಏಳು, ರಾತ್ರಿ ಹನ್ನೊಂದು, ವೋಲ್ಟೇಜು ಅಳೆದು ಪುಸ್ತಕದಲ್ಲಿ ಬರೆದಿಡಿ. ಮೀಟರಿನ ಫೋಟೋ ತೆಗೆದಿಡಿ. ಕರೆಂಟ್ ಬಿಲ್ಲಿನಲ್ಲಿರುವ ಆರ್‌ಆರ್ ನಂಬರು, ಟಿಸಿ ಕಂಬಕ್ಕೆ ಬಣ್ಣದಲ್ಲಿ ಬರೆದ ನಂಬರು ಎರಡನ್ನೂ ಹಾಕಿ ಸೆಕ್ಷನ್ ಆಫೀಸಿಗೆ ಬರವಣಿಗೆಯಲ್ಲಿ ದೂರು ಕೊಡಿ. 1912ಕ್ಕೂ ಹೇಳಿ ದೂರಿನ ನಂಬರು ತೆಗೆದುಕೊಳ್ಳಿ. ಸುಮ್ನೆ "ಹೈ ವೋಲ್ಟೇಜು ಬರುತ್ತೆ" ಅನ್ನಬೇಡಿ. "ರಾತ್ರಿ ಹನ್ನೊಂದರಿಂದ ಐದರವರೆಗೆ 262ರಿಂದ 270, ಟ್ಯಾಪ್ ಪರೀಕ್ಷೆ ಮಾಡಿ" ಅಂತ ಬರೆಯಿರಿ. 1956ರ ಇಂಡಿಯನ್ ಎಲೆಕ್ಟ್ರಿಸಿಟಿ ರೂಲ್ಸ್ ಮನೆ ಕರೆಂಟಿಗೆ ಕೊಟ್ಟಿದ್ದ ಸಡಿಲಿಕೆ ಶೇ. 6. ಅಂದರೆ 230ಕ್ಕೆ 244. ಸಾಮಾನು ಮಾಡುವವರು ಇಟ್ಟುಕೊಳ್ಳುವ ಶೇ. 10ರ ಲೆಕ್ಕ ಹಿಡಿದರೂ 253. ಎರಡರಲ್ಲಿ ಯಾವುದು ನೋಡಿದರೂ 270 ಹೊರಗೆ.

ನಿಮ್ಮ ಟಿಸಿಗೆ ಟ್ಯಾಪ್ ಇದ್ದು ಎರಡು ಮೆಟ್ಟಿಲು ಇಳಿಸಿದರೆ 270 ಹೋಗಿ 257ರ ಹತ್ತಿರ ಬರುತ್ತೆ. ಸಣ್ಣ ಟಿಸಿಗಳಿಗೆ ಎಷ್ಟೋ ಸಲ ಟ್ಯಾಪೇ ಇರುವುದಿಲ್ಲ, ಅದು ಬೇರೆ ಮಾತು. ಇಳಿಸಿದ ಮೇಲೆ ಕೊನೆ ಮನೆಯವರು ನಿಮ್ಮ ಜೊತೆ ಜಗಳಕ್ಕೆ ಬರಬಹುದು, ಅದಕ್ಕೂ ತಯಾರಿರಿ. ಸಂಜೆ ಏಳಕ್ಕೆ ಅವರ ಮನೆಯಲ್ಲಿ 190 ಇದ್ದರೆ ಟ್ಯಾಪ್ ಮುಟ್ಟಲು ಎಂಜಿನಿಯರ್ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಅದಾಗುವವರೆಗೆ, ಅಥವಾ ಆಗದೇ ಹೋದರೆ, ಇನ್ವರ್ಟರಿನ ಹಿಂದೆ ಒಂದು ಸ್ಟೆಬಿಲೈಜರ್ ಹಾಕಿ. ಹಿಂದೆ ಅಂದರೆ ಕರೆಂಟು ಬರುವ ಕಡೆ. ಮೊದಲು ಸ್ಟೆಬಿಲೈಜರು, ಆಮೇಲೆ ಇನ್ವರ್ಟರು, ಆಮೇಲೆ ಫ್ರಿಜ್ಜು, ಟಿವಿ, ಫ್ಯಾನು. ಹೀಗೆ ಹಾಕಿದರೆ 270 ಬಂದಾಗ ಸ್ಟೆಬಿಲೈಜರು ಅದನ್ನು 230ರ ಆಸುಪಾಸಿಗೆ ಇಳಿಸುತ್ತೆ. ಇನ್ವರ್ಟರಿಗೆ ಕರೆಂಟು ಚೆನ್ನಾಗಿದೆ ಅನಿಸುತ್ತೆ, ಬ್ಯಾಟರಿಗೆ ಹೋಗುವುದಿಲ್ಲ, ಚಾರ್ಜಿಂಗೂ ನಿಲ್ಲುವುದಿಲ್ಲ. ಬಹಳ ಮನೆಗಳಲ್ಲಿ ಇದನ್ನು ಉಲ್ಟಾ ಹಾಕಿರುತ್ತಾರೆ, ಇನ್ವರ್ಟರಿನ ಹೊರಗೆ ಸ್ಟೆಬಿಲೈಜರು. ಫ್ರಿಜ್ಜು ಉಳಿಯುತ್ತೆ ನಿಜ, ಆದರೆ ಇನ್ವರ್ಟರಿಗೆ ಏನೂ ಉಪಯೋಗವಿಲ್ಲ. ಕರೆಂಟು ಹೋದಾಗ ಸ್ಟೆಬಿಲೈಜರೇ ಬ್ಯಾಟರಿಯಿಂದ ಒಂದಿಷ್ಟು ಕುಡಿಯುತ್ತೆ. ಸ್ಕ್ವೇರ್ ವೇವ್ ಇನ್ವರ್ಟರಾದರೆ ಅದು ಗೊರಗೊರ ಅಂತ ಬಿಸಿಯೂ ಆಗುತ್ತೆ.

ಸೈಜು ನೋಡೋಣ. ಇನ್ವರ್ಟರ್ ಲೈನಿನಲ್ಲಿ ಎಲ್ಲಾ ಓಡಿದರೆ 600 ವ್ಯಾಟ್, ಬ್ಯಾಟರಿ ಚಾರ್ಜಿಂಗಿಗೆ ಸುಮಾರು 300, ಫ್ರಿಜ್ಜು ಶುರುವಾಗುವಾಗ ಒಂದು ಕ್ಷಣ ಅದರ ಹಲವು ಪಟ್ಟು. 2 ಕೆವಿಎ ಆರಾಮ. ಕೊಳ್ಳುವಾಗ ಕೇಳಬೇಕಾದ ಮುಖ್ಯ ಪ್ರಶ್ನೆ: ಇದು ಮೇಲೆ ಎಷ್ಟರವರೆಗೆ ಇಳಿಸುತ್ತೆ? ನಮ್ಮ ಕಡೆ ಲೋ ವೋಲ್ಟೇಜಿಗೆ ಅಂತ ಮಾರುವ ಅಗ್ಗದ ಸ್ಟೆಬಿಲೈಜರುಗಳು ಏರಿಸುವುದರಲ್ಲಿ ಗಟ್ಟಿ, ಇಳಿಸುವುದರಲ್ಲಿ ಸೊನ್ನೆ. 255 ದಾಟಿದರೆ ಕಟ್ ಆಗಿ ಕೂರುತ್ತವೆ. ಅಂಥದ್ದು ಹಾಕಿದರೆ ನೀವು ಮತ್ತೆ ಬ್ಯಾಟರಿ ಮೇಲೇ ಇರುತ್ತೀರಿ. ಡಬ್ಬದ ಮೇಲೆ ಇನ್‌ಪುಟ್ 290 ಅಥವಾ 300ರವರೆಗೆ ಅಂತ ಇರಬೇಕು, 290 ಕೊಟ್ಟಾಗ ಔಟ್‌ಪುಟ್ ಎಷ್ಟು ಅಂತಲೂ ಇರಬೇಕು. ಕರೆಂಟು ಬಂದ ಮೇಲೆ ಮೂರು ನಿಮಿಷ ತಡೆದು ಕೊಡುವ ಟೈಮರ್ ಇದ್ದರೆ ಚಿಂತೆ ಬೇಡ, ಆ ಮೂರು ನಿಮಿಷ ಇನ್ವರ್ಟರು ನೋಡಿಕೊಳ್ಳುತ್ತೆ.

ಸ್ಟೆಬಿಲೈಜರಿಗೂ ಹಿಂದೆ, ಮೀಟರ್ ಪಕ್ಕದ ಎಂಸಿಬಿ ಬಾಕ್ಸಿನಲ್ಲಿ ಓವರ್ ವೋಲ್ಟೇಜ್ ಕಟಾಫ್ ಒಂದು ಹಾಕಿಸಿ. ಎಂಸಿಬಿಯಷ್ಟೇ ಗಾತ್ರ, ಮುಂದೆ ವೋಲ್ಟೇಜು ತೋರಿಸುವ ಕೆಂಪು ಅಂಕಿ ಇರುತ್ತೆ. ಎಷ್ಟಕ್ಕೆ ಕಟ್ ಆಗಬೇಕು, ಎಷ್ಟು ನಿಮಿಷ ಬಿಟ್ಟು ಸೇರಬೇಕು ಅಂತ ನಾವೇ ಹೊಂದಿಸಬಹುದು. ಸ್ಟೆಬಿಲೈಜರ್ ಇರುವುದರಿಂದ ಇದನ್ನು 280ಕ್ಕೆ ಇಡಿ, ದಿನಾ ರಾತ್ರಿ ಕಟ್ ಆಗಬಾರದು. ಇದು ಕಾಯುತ್ತಿರುವುದು ಅಕ್ಕನ ಮನೆಗೆ ಬಂತಲ್ಲ, ಆ ದಿನಕ್ಕೆ. ಸ್ಟೆಬಿಲೈಜರಿಲ್ಲದ ನೇರ ಲೈನಿನ ಬಲ್ಬುಗಳು ಆಗಲೂ 270 ತಿನ್ನುತ್ತವೆ, ಅದಕ್ಕೇ ರಾತ್ರಿ ಉರಿಯುವ ಬಲ್ಬು, ಫಿಲ್ಟರಿನ ಅಡಾಪ್ಟರು ಇವನ್ನೂ ಇನ್ವರ್ಟರ್ ಲೈನಿಗೆ ಬದಲಾಯಿಸಿಕೊಳ್ಳಿ. ಕಟಾಫ್ ಕೊಳ್ಳುವಾಗ ಫೇಸು, ನ್ಯೂಟ್ರಲ್ ಎರಡನ್ನೂ ಕತ್ತರಿಸುವಂಥದ್ದೇ ಕೇಳಿ. ಮನೆ ಇನ್ವರ್ಟರುಗಳಲ್ಲಿ ಸಾಮಾನ್ಯವಾಗಿ ರಿಲೇ ಕತ್ತರಿಸುವುದು ಫೇಸನ್ನು ಮಾತ್ರ, ನ್ಯೂಟ್ರಲ್ ಹೊರಗಿನದೂ ಒಳಗಿನದೂ ಒಂದೇ. ಕಂಬದಲ್ಲಿ ನ್ಯೂಟ್ರಲ್ ಕಿತ್ತರೆ ನೀವು ಬ್ಯಾಟರಿ ಮೇಲಿದ್ದರೂ ನಿಮ್ಮ ಮನೆಯ ಕಪ್ಪು ತಂತಿಯಲ್ಲಿ ಕರೆಂಟು ಇರಬಹುದು.

ಸಿಡಿಲಿಗೆ ಇವ್ಯಾವೂ ಅಲ್ಲ. ರಿಲೇ ಹಾರುವಷ್ಟರಲ್ಲಿ ಸಿಡಿಲು ಬಂದು ಕೆಲಸ ಮುಗಿಸಿ ಹೋಗಿರುತ್ತೆ. ಅದಕ್ಕೆ ಎಸ್‌ಪಿಡಿ (ಸರ್ಜ್ ಪ್ರೊಟೆಕ್ಷನ್ ಡಿವೈಸ್) ಅಂತ ಬೇರೆ ಸಾಮಾನು ಬರುತ್ತೆ, ಒಳ್ಳೆಯ ಅರ್ಥಿಂಗ್ ಇದ್ದರೆ ಮಾತ್ರ ಕೆಲಸ ಮಾಡುತ್ತೆ. ಏಪ್ರಿಲ್, ಮೇ ತಿಂಗಳ ಸಂಜೆ ಮೋಡ ಕಪ್ಪಾದರೆ ಟಿವಿ ಪ್ಲಗ್ ಕಿತ್ತು ಪಕ್ಕಕ್ಕಿಡುವ ಅಮ್ಮಂದಿರ ಅಭ್ಯಾಸವೇ ಇವತ್ತಿಗೂ ಎಲ್ಲಕ್ಕಿಂತ ಒಳ್ಳೆಯದು. ಕೇಬಲ್ ತಂತಿಯನ್ನೂ ಕೀಳಬೇಕು.

ಆನ್‌ಲೈನ್ ಯುಪಿಎಸ್ ತರಲಾ ಅಂತ ಮುಂದಿನ ಪತ್ರದಲ್ಲಿ ಕೇಳುತ್ತೀರಿ ಅಂತ ಗೊತ್ತು. ನಿಮ್ಮ ಮನೆಗೆ ಬೇಡ. ಅದು ದಿನದ ಇಪ್ಪತ್ತನಾಲ್ಕು ಗಂಟೆಯೂ ಕರೆಂಟು ತಿನ್ನುತ್ತೆ, ಅದರೊಳಗಿನ ಫ್ಯಾನು ಸದ್ದು ಮಾಡುತ್ತೆ, ಬೆಲೆಯೂ ಜಾಸ್ತಿ. ಫ್ರಿಜ್ಜಿನ ಸ್ಟಾರ್ಟಿಂಗ್ ಎಳೆತ ತಡೆಯಲು ದೊಡ್ಡ ಸೆಟ್ಟೇ ಬೇಕು. ಲ್ಯಾಬ್, ಸ್ಕ್ಯಾನಿಂಗ್ ಮೆಷಿನ್ನು ಇರುವವರಿಗೆ ಅದು.

ಕೊನೆಯದು, ಮಲಗುವಾಗ ಮೇನ್ ಆಫ್ ಮಾಡಿ ಬ್ಯಾಟರಿ ಮೇಲೆ ಬಿಡುವ ವಿಚಾರ. ಒಂದು ರಾತ್ರಿಗೆ, ಎರಡು ರಾತ್ರಿಗೆ ಸರಿ. ಸ್ಟೆಬಿಲೈಜರ್ ಬರುವವರೆಗೆ ಹೀಗೆ ಮಾಡಿ: ಯುಪಿಎಸ್ ಸ್ವಿಚ್ಚನ್ನು ಯುಪಿಎಸ್ ಕಡೆಗೇ ಇಡಿ. ಹನ್ನೊಂದಕ್ಕೆ ಟಿವಿ, ಸೆಟ್‌ಟಾಪ್ ಬಾಕ್ಸು, ಫಿಲ್ಟರು ಎಲ್ಲದರ ಪ್ಲಗ್ ತೆಗೆಯಿರಿ. ಇನ್ವರ್ಟರಿನ ಮೇಲೆ ಒಂದು ಫ್ಯಾನು, ಒಂದು ಲೈಟು ಮಾತ್ರ ಇರಲಿ. ಅಷ್ಟಕ್ಕೆ ನೂರು ವ್ಯಾಟ್ ಕೂಡ ಆಗುವುದಿಲ್ಲ, ಬೆಳಗ್ಗೆಯವರೆಗೆ ಬ್ಯಾಟರಿಯಲ್ಲಿ ಇನ್ನೂ ಅರ್ಧದ ಹತ್ತಿರ ಉಳಿದಿರುತ್ತೆ. ಫ್ರಿಜ್ಜಿನ ಸ್ವಿಚ್ ಆಫ್ ಮಾಡಿ ಬಾಗಿಲು ತೆಗೆಯದೆ ಬಿಡಿ. ಫ್ರೀಜರಿನಲ್ಲಿ ಎರಡು ಬಾಟಲಿ ನೀರನ್ನು ಹಗಲೇ ಗಟ್ಟಿಯಾಗಿಸಿ, ಮಲಗುವ ಮುಂಚೆ ಕೆಳಗೆ ಹಾಲಿನ ಪಾತ್ರೆಯ ಪಕ್ಕಕ್ಕೆ ಇಟ್ಟುಬಿಡಿ. ಹಾಲು ರಾತ್ರಿ ಒಂದು ಸಲ ಕಾಯಿಸಿದ್ದಾಗಿರಲಿ. ಬೆಳಗ್ಗೆ ಮೀಟರ್ ನೋಡಿ, 250ರ ಕೆಳಗೆ ಬಂದ ಮೇಲೆ ಫ್ರಿಜ್ ಹಾಕಿ.